ಅಳಿವೆಯ ಊರು: ಸೂರತ್ತಿನ ನೀರು, ಗಾಳಿ ಮತ್ತು ಸಮುದಾಯ ಜೀವನ

1

ಕರ್ನಾಟಕದ ಚರಿತ್ರೆಯನ್ನು ಬರೆಯುವವರು ಗುಜರಾತಿನ ಕರಾವಳಿಯನ್ನು ನೆನೆಯುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಬಾದಾಮಿ ಚಾಲುಕ್ಯರ ಹಾಗೂ ರಾಷ್ಟ್ರಕೂಟರ ಲಾಟ ಶಾಖೆಗಳ ತಾಮ್ರಪಟಗಳನ್ನು ಚರ್ಚಿಸುವಾಗ ಒಮ್ಮೆ. ಸೂರತ್ತಿನ ಇಂಗ್ಲಿಷ್ ಕೋಠಿಯ ಆಡಳಿತಕ್ಕೆ ಕಾರವಾರದ ಕೋಠಿಯೂ ಒಳಪಟ್ಟಿದ್ದ ಸಂಗತಿಯನ್ನು ಹೇಳುವಾಗ ಮತ್ತೊಮ್ಮೆ. ಎರಡು ಸಂದರ್ಭಗಳಲ್ಲಿಯೂ ನಮ್ಮ ದೃಷ್ಟಿ ಅರಸರ ಮೇಲೆ ಮತ್ತು ಕಂಪನಿಗಳ ಮೇಲೆ ನಿಲ್ಲುತ್ತದೆ. ಆ ಊರುಗಳು ನೀರಿನ ಅಂಚಿನಲ್ಲಿದ್ದವು, ಅಲ್ಲಿನ ಜನ ಗಾಳಿ ಮಳೆಗಳನ್ನು ಲೆಕ್ಕವಿಟ್ಟು ಬದುಕಿದರು ಎಂಬ ಮಾತು ಹಿನ್ನೆಲೆಗೆ ಸರಿಯುತ್ತದೆ.

ಹಾಗೆ ಸರಿದ ನೀರು ಮರಳಿ ಕಾಣಿಸಿಕೊಳ್ಳುವುದು ಬಂದರೊಂದರ ಅವನತಿಯನ್ನು ವಿವರಿಸಬೇಕಾದಾಗ ಮಾತ್ರ. ಸೀತಾ ನದಿಯ ಬಾರಕೂರು, ವಾರಾಹಿಯ ಬಸರೂರು, ತಾಪಿಯ ಸೂರತ್ ಈ ಮೂರನ್ನು ಕುರಿತೂ ಒಂದೇ ವಾಕ್ಯ ಬಳಕೆಯಲ್ಲಿದೆ: ಅಳಿವೆಯಲ್ಲಿ ಹೂಳು ತುಂಬಿತು, ಬಂದರು ಅಳಿಯಿತು. ಈ ವಾಕ್ಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಸೂರತ್ತಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೂಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿಸರ್ಗದ ಅಡ್ಡಿಗೂ ಊರಿನ ಅಳಿವಿಗೂ ನಡುವೆ ಸಮುದಾಯವು ಕಟ್ಟಿಕೊಂಡ ಏರ್ಪಾಡುಗಳಿರುತ್ತವೆ. ಚರಿತ್ರಕಾರನು ನೋಡಬೇಕಾದುದು ಮುಖ್ಯವಾಗಿ ಅವುಗಳನ್ನು ಎಂಬುದು ನಮ್ಮ ನಿಲುವು.

2

ಸೂರತ್ ಕಡಲತಡಿಯ ಊರೆಂದು ಪ್ರಸಿದ್ಧವಾಗಿದ್ದರೂ ಅದು ಕಡಲಿಗೆ ನೇರವಾಗಿ ತೆರೆದುಕೊಂಡಿಲ್ಲ. ತಾಪಿಯ ಎಡದಂಡೆಯ ಮೇಲೆ, ಅಳಿವೆಯಿಂದ ಸುಮಾರು 20 ಕಿಲೋಮೀಟರು ಒಳಗೆ ಅದರ ಹಳೆಯ ಕೋಟೆಯಿದೆ. ಎದುರು ದಂಡೆಯ ರಾಂದೇರ್ ಅದಕ್ಕಿಂತ ಹಳೆಯ ಬಂದರು. ಬಸರೂರು ಬಾರಕೂರುಗಳಂತೆ ಇದೂ ನದಿಯ ಮೂಲಕ ಕಡಲನ್ನು ತಲುಪುತ್ತಿದ್ದ ಊರು.

ಈ ನದಿಯ ಸ್ವಭಾವವನ್ನು ತಿಳಿಯದೆ ಊರಿನ ಚರಿತ್ರೆ ತಿಳಿಯುವುದಿಲ್ಲ. ತಾಪಿಯು ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಮುಲ್ತಾಯಿಯ ಬಳಿ ಹುಟ್ಟಿ, ಪಶ್ಚಿಮಕ್ಕೆ ಸುಮಾರು 724 ಕಿಲೋಮೀಟರು ಹರಿದು ಖಂಭಾತ್ ಕೊಲ್ಲಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದರ ಜಲಾನಯನ ಪ್ರದೇಶದ ಬಹುಭಾಗ ಮಹಾರಾಷ್ಟ್ರದ ಖಾನದೇಶ ವಿದರ್ಭಗಳಲ್ಲಿದೆ. ಸೂರತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,200 ಮಿಲಿಮೀಟರು, ಅಂದರೆ ನಮ್ಮ ಉಡುಪಿ ಸೀಮೆಯ ಮಳೆಯ ಮೂರನೆಯ ಒಂದು ಭಾಗ. ಆದರೂ ಸೂರತ್ತಿನ ನೆರೆ ಉಡುಪಿಯ ನೆರೆಗಿಂತ ಭೀಕರ. ಕಾರಣ ಸರಳವಾಗಿದೆ. ನಮ್ಮ ಕರಾವಳಿಯ ಹೊಳೆಗಳು ಘಟ್ಟದಿಂದಿಳಿದು ಸ್ವಲ್ಪ ದೂರದಲ್ಲೇ ಕಡಲನ್ನು ಸೇರುತ್ತವೆ. ನೆರೆ ತರುವ ಮಳೆಯನ್ನು ಊರಿನವರು ತಾವೇ ಕಂಡಿರುತ್ತಾರೆ. ಸೂರತ್ತಿಗೆ ನೆರೆ ತರುವುದು ಆ ಊರು ಕಾಣದ ಮಳೆ. ಮೇಲೆ ಆಕಾಶ ತಿಳಿಯಾಗಿರುವಾಗಲೂ ನದಿ ದಂಡೆಯನ್ನು ಮೀರಬಹುದು. ಅದೇ ಹೊತ್ತಿಗೆ ಕಡಲಿನ ಉಬ್ಬರ ಬಲವಾಗಿದ್ದರೆ ಬಂದ ನೀರು ಹೊರಹೋಗಲಾರದೆ ಊರಿನಲ್ಲೇ ನಿಲ್ಲುತ್ತದೆ. ಖಂಭಾತ್ ಕೊಲ್ಲಿಯ ಉಬ್ಬರ ದೇಶದಲ್ಲೇ ಅತ್ಯಂತ ಎತ್ತರದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

3

ಈ ಕರಾವಳಿಯ ನೀರನ್ನು ಕುರಿತ ಒಂದು ಅಮೂಲ್ಯ ದಾಖಲೆ ಕರ್ನಾಟಕದ ಅರಸರ ಕಾಲದ್ದೆಂಬುದು ನಮಗೆ ವಿಶೇಷವಾಗಿ ಗಮನಾರ್ಹ. ಏಳನೆಯ ಶತಮಾನದಲ್ಲಿ ಬಾದಾಮಿಯ ಒಂದನೆಯ ವಿಕ್ರಮಾದಿತ್ಯನ ತಮ್ಮ ಧರಾಶ್ರಯ ಜಯಸಿಂಹನ ವಂಶದವರು ನವಸಾರಿಯಿಂದ ಲಾಟ ದೇಶವನ್ನು ಆಳಿದರು. ಆ ವಂಶದ ಅವನಿಜನಾಶ್ರಯ ಪುಲಕೇಶಿಯು ಅರಬರ ದಂಡನ್ನು ಹಿಮ್ಮೆಟ್ಟಿಸಿದ ಸಂಗತಿ ಕ್ರಿ.ಶ. 739ರ ನವಸಾರಿ ತಾಮ್ರಪಟದಲ್ಲಿದೆ. ಅನಂತರ ರಾಷ್ಟ್ರಕೂಟ ಮೂರನೆಯ ಗೋವಿಂದನ ತಮ್ಮ ಇಂದ್ರನ ಶಾಖೆ ಅಲ್ಲಿ ನೆಲೆಯೂರಿತು. ಇಂದ್ರನ ಮಗ ಕರ್ಕ ಸುವರ್ಣವರ್ಷನ ತಾಮ್ರಪಟಗಳು ವಡೋದರ, ನವಸಾರಿ, ಸೂರತ್‌ಗಳಲ್ಲಿ ದೊರೆತಿವೆ. ನವಸಾರಿ ಪಟದಲ್ಲಿ ಅರಸನ ಸಹಿಯು ಶಾಸನದ ಉಳಿದ ಭಾಗದ ಲಿಪಿಯಲ್ಲಿಲ್ಲ. ಅದು ದಕ್ಷಿಣದ ಹಳಗನ್ನಡ ಮಾದರಿಯ ಲಿಪಿಯಲ್ಲಿದೆ. ರಾಷ್ಟ್ರಕೂಟರ ಮನೆಮಾತು ಕನ್ನಡವೆಂಬ ವಾದಕ್ಕೆ ಅ. ಸ. ಅಳ್ತೇಕರ್ ಅವರು ಇದನ್ನು ಆಧಾರವಾಗಿ ಬಳಸಿದುದು ವಿದ್ವಾಂಸರಿಗೆ ತಿಳಿದಿದೆ.

ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರವಾದುದು ಮೂರನೆಯ ಇಂದ್ರನ ಕಾಲದ, ಕ್ರಿ.ಶ. 926ರ ಚಿಂಚಣಿ ತಾಮ್ರಪಟ. ಸೂರತ್ತಿನ ದಕ್ಷಿಣಕ್ಕೆ ಕಡಲತಡಿಯಲ್ಲಿರುವ ಸಂಜಾಣವು ಆಗ ಸಂಯಾನ ಮಂಡಲವೆಂಬ ಆಡಳಿತ ವಿಭಾಗದ ಕೇಂದ್ರ. ಅದನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಮಧುಮತಿ, ಅಂದರೆ ಮುಹಮ್ಮದ್, ಎಂಬ ತಾಜಿಕ ಅಧಿಕಾರಿ. ಎರಡನೆಯ ಕೃಷ್ಣನು ಅವನಿಗೆ ಆ ಮಂಡಲವನ್ನು ವಹಿಸಿಕೊಟ್ಟಿದ್ದನು. ಸುಗತಿಪನೆಂಬ ಇನ್ನೊಂದು ಹೆಸರಿನ ಈ ಅರಬನು ಮಾಡಿದ ಲೋಕೋಪಕಾರಗಳಲ್ಲಿ ಎರಡನ್ನು ಶಾಸನವು ಹೆಸರಿಸಿ ಹೇಳುತ್ತದೆ: ಎರಡು ಹೊಳೆಗಳನ್ನು ದಾಟಲು ಹಣವಿಲ್ಲದೆ ಸಾಗಿಸುವ ದೋಣಿ, ಅನ್ನ, ವ್ಯಂಜನ, ತುಪ್ಪಗಳನ್ನು ಬಡಿಸುವ ಸತ್ರ. ಅವನ ಮಂತ್ರಿ ಪುವ್ವಯ್ಯ. ಪುವ್ವಯ್ಯನ ಮಿತ್ರ ಅಣ್ಣಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ಮಠಿಕೆಗೆ ಈ ಶಾಸನದ ದಾನ ಸಂದಿದೆ. ಹೆಸರುಗಳ ಕೊನೆಯ ‘ಅಯ್ಯ’ ಎಂಬ ರೂಪ ಕನ್ನಡ ಓದುಗನಿಗೆ ಬೇರೆ ವಿವರಣೆಯನ್ನು ಬೇಡುವುದಿಲ್ಲ.

ಈ ಶಾಸನವನ್ನು ಮತಸಹಿಷ್ಣುತೆಯ ನಿದರ್ಶನವಾಗಿ ಉದ್ಧರಿಸುವುದು ರೂಢಿಯಾಗಿದೆ. ಅದು ಸರಿಯೆ. ಆದರೆ ನಾವು ಅದನ್ನು ಕರಾವಳಿಯ ಜೀವನದ ದಾಖಲೆಯಾಗಿಯೂ ಓದಬೇಕು. ಹೊಳೆಗಳು ನೆಲವನ್ನು ತುಂಡು ತುಂಡಾಗಿ ಸೀಳುವ ನಾಡಿನಲ್ಲಿ ದಾಟು ಎಂಬುದು ಊರಿನ ಉಸಿರು. ಅದನ್ನು ದಾಟಿಸುವವನ ಇಷ್ಟಕ್ಕೆ ಬಿಡದೆ ಸಾರ್ವಜನಿಕ ಹೊಣೆಯಾಗಿ ಮಾಡಿದುದು, ದಾಟಿ ಬಂದವನಿಗೆ ಊಟವನ್ನೂ ಒದಗಿಸಿದುದು ಆಡಳಿತದ ತಿಳಿವಳಿಕೆಯನ್ನು ತೋರಿಸುತ್ತದೆ. ಅರಬ ಅಧಿಕಾರಿ, ಕನ್ನಡದ ಅರಸು, ‘ಅಯ್ಯ’ ಹೆಸರಿನ ಮಂತ್ರಿ ಇವರೆಲ್ಲರೂ ಒಂದು ದೋಣಿಯ ಸುತ್ತ ಸೇರಿದ್ದಾರೆ.

ಇದೇ ಸಂಜಾಣದಲ್ಲಿ ತಮ್ಮ ಪೂರ್ವಜರು ಬಂದಿಳಿದರೆಂಬುದು ಪಾರಸಿಗಳ ಪರಂಪರೆ. 1599ರಲ್ಲಿ ನವಸಾರಿಯ ಬಹಮನ್ ಕೈಕೋಬಾದ್ ರಚಿಸಿದ ಪಾರಸೀ ಕಾವ್ಯ ‘ಕಿಸ್ಸಾ-ಇ-ಸಂಜಾಣ್’ ಆ ಪಯಣದ ನಡುವೆ ಎದ್ದ ಬಿರುಗಾಳಿಯನ್ನೂ, ಬದುಕಿ ದಡ ಸೇರಿದರೆ ಅಗ್ನಿಮಂದಿರವನ್ನು ಸ್ಥಾಪಿಸುವೆವೆಂಬ ಹರಕೆಯನ್ನೂ ಹೇಳುತ್ತದೆ. ಒಂದು ಸಮುದಾಯವು ತನ್ನ ಹುಟ್ಟಿನ ನೆನಪನ್ನೇ ಹವಾಮಾನದೊಡನೆ ಹೆಣೆದಿರುವುದು ಅಲಕ್ಷಿಸತಕ್ಕ ಸಂಗತಿಯಲ್ಲ.

4

ಅಹಮದಾಬಾದಿನ ವ್ಯಾಪಾರಕ್ಕೆ ಬಹುಕಾಲ ಖಂಭಾತ್ ಬಂದರಾಗಿದ್ದಿತು. ಹದಿನಾರನೆಯ ಶತಮಾನದಲ್ಲಿ ಆ ಸ್ಥಾನ ಕ್ರಮೇಣ ಸೂರತ್ತಿಗೆ ಸರಿಯಿತು. 1510ರ ಸುಮಾರಿಗೆ ಮಲಿಕ್ ಗೋಪಿಯು ಕಟ್ಟಿಸಿದ ಗೋಪಿ ತಲಾವ್, 1530ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟ ಮೇಲೆ 1540ರ ದಶಕದಲ್ಲಿ ಎದ್ದ ಕೋಟೆ, 1573ರಲ್ಲಿ ಅಕ್ಬರನ ವಶವಾದುದು ಇವು ಆ ಬೆಳವಣಿಗೆಯ ಮೈಲಿಗಲ್ಲುಗಳು. ಉಬ್ಬರದ ಉಪ್ಪುನೀರು ನದಿಯೊಳಕ್ಕೆ ನುಗ್ಗುವ ಊರಿಗೆ ಸಿಹಿನೀರಿನ ಕೆರೆ ಎಷ್ಟು ಅಗತ್ಯವೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಹದಿನೇಳನೆಯ ಶತಮಾನದ ಸೂರತ್ತಿನ ನಿಜವಾದ ಪಂಚಾಂಗ ಗಾಳಿಯ ಪಂಚಾಂಗ. ಕೆಂಪು ಸಮುದ್ರಕ್ಕೆ ಹೋಗುವ ಹಡಗುಗಳು ಬೇಸಗೆಯ ಆರಂಭದೊಳಗೆ ಲಂಗರು ಎತ್ತಬೇಕು. ಮೋಖಾ, ಜೆಡ್ಡಾಗಳಿಂದ ಅವು ಹಿಂದಿರುಗುವುದು ಮುಂಗಾರಿನ ಬಿರುಸು ತಗ್ಗಿದ ಮೇಲೆ, ಸೆಪ್ಟೆಂಬರಿನ ಹೊತ್ತಿಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಂದರು ಮುಚ್ಚಿದಂತೆ. ಈ ಕ್ರಮ ಎಷ್ಟು ನಿಯತವಾಗಿತ್ತೆಂದರೆ ಕಡಲುಗಳ್ಳರಿಗೂ ಅದು ತಿಳಿದಿತ್ತು. ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ಹೆನ್ರಿ ಎವರಿ ಕೊಳ್ಳೆಹೊಡೆದುದು 1695ರ ಸೆಪ್ಟೆಂಬರಿನಲ್ಲಿ, ಮರಳುವ ಹಡಗುಗಳ ದಾರಿಯಲ್ಲಿ ಕಾದು ಕುಳಿತು.

ಊರಿನ ಒಳಗಿನ ವ್ಯವಹಾರವೂ ಈ ಲಯಕ್ಕೆ ಹೊಂದಿಕೊಂಡಿತ್ತು. ಹಡಗಿನ ಋತುವಿನ ಮುನ್ನ ಸಾಲ, ನೇಕಾರರಿಗೆ ಮುಂಗಡ. ಹಡಗು ಬಂದ ಮೇಲೆ ತೀರುವಳಿ. ಕಡಲಿನ ಅಪಾಯವನ್ನು ಹಂಚಿಕೊಳ್ಳಲು ಗುಜರಾತಿನ ವರ್ತಕರು ‘ಜೋಖಮಿ ಹುಂಡಿ’ ಎಂಬ ಪದ್ಧತಿಯನ್ನು ಬಳಸುತ್ತಿದ್ದರು. ಸಾಮಾನ್ಯ ಹುಂಡಿಯ ಹಣ ಹೇಗಿದ್ದರೂ ಸಲ್ಲಬೇಕು. ಜೋಖಮಿ ಹುಂಡಿಯ ಹಣ ಸರಕು ಸುರಕ್ಷಿತವಾಗಿ ದಡ ಸೇರಿದರೆ ಮಾತ್ರ ಸಲ್ಲುತ್ತಿತ್ತು. ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿದರೆ ನಷ್ಟ ಹಣ ಕೊಟ್ಟವನದು. ಸಾಲಪತ್ರವೂ ವಿಮೆಯೂ ಒಂದೇ ಕಾಗದದಲ್ಲಿ ಕೂಡಿದ್ದ ಈ ಏರ್ಪಾಡು ಗಾಳಿಯೊಡನೆ ಮಾಡಿಕೊಂಡ ಕರಾರೆಂದರೂ ಸಲ್ಲುತ್ತದೆ.

1669ರ ಸೆಪ್ಟೆಂಬರಿನಲ್ಲಿ ಖಾಜಿಯ ಒತ್ತಾಯಗಳನ್ನು ಪ್ರತಿಭಟಿಸಿ ಸುಮಾರು 8,000 ಮಂದಿ ಬನಿಯಾ ವರ್ತಕರು ಊರು ಬಿಟ್ಟು ಭರೂಚಿಗೆ ನಡೆದರು. ಡಿಸೆಂಬರಿನಲ್ಲಿ ಆಶ್ವಾಸನೆ ದೊರೆತ ಮೇಲೆ ಮರಳಿದರು. ಅವರು ಹೊರಟ ತಿಂಗಳನ್ನು ಗಮನಿಸಬೇಕು. ಹಡಗುಗಳು ಮರಳಿ ವ್ಯಾಪಾರ ತೆರೆಯುವ ಹೊತ್ತು ಅದು. ಆಷಾಢದಲ್ಲಿ ಹೊರಟಿದ್ದರೆ ಸುಂಕದ ಕಟ್ಟೆಗೆ ಅಂಥ ನಷ್ಟವಾಗುತ್ತಿರಲಿಲ್ಲ. ಋತುವಿನ ಅರಿವು ಸಮುದಾಯದ ಕೈಯಲ್ಲಿ ಆಯುಧವೂ ಆಗಬಲ್ಲುದು ಎಂದು ನಾವು ಇದರಿಂದ ಊಹಿಸುತ್ತೇವೆ.

ಈ ಲಯವನ್ನು ಕನ್ನಡ ಕರಾವಳಿಯೂ ಹಂಚಿಕೊಂಡಿತ್ತು. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳಲ್ಲಿ ಮಳೆಗಾಲ ಬಂದೊಡನೆ ಮಚವೆ, ಮಂಜಿ, ಪತ್ತೆಮಾರಿಗಳನ್ನು ದಡಕ್ಕೆ ಎಳೆದಿಡುತ್ತಿದ್ದರು; ತುಳುವರ ಆಟಿ ತಿಂಗಳು ಕಡಲು ಮುಚ್ಚಿ ಕೈ ಬರಿದಾಗುವ ಕಾಲ. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಋತುವನ್ನು ತೆರೆಯುವ ಆಚರಣೆ ಎರಡೂ ಕಡೆ ಇದೆ. ಗುಜರಾತಿನಲ್ಲಿ ಅದು ನಾಳಿಯೇರಿ ಪೂನಮ್. ನಮ್ಮಲ್ಲಿ ನೂಲಹುಣ್ಣಿಮೆಯ ಸಮುದ್ರಪೂಜೆ. ಗುಜರಾತಿನ ಖಾರವಾ, ನಮ್ಮ ಖಾರ್ವಿ ಎಂಬ ಹೆಸರುಗಳ ಹೋಲಿಕೆಯಿಂದಷ್ಟೇ ವಂಶಸಂಬಂಧವನ್ನು ಹೇಳುವುದು ಶಾಸ್ತ್ರಸಮ್ಮತವಲ್ಲ. ಕಡಲನ್ನೇ ನಂಬಿದ ಬದುಕಿನ ಸಾಮ್ಯವಂತೂ ಸ್ಪಷ್ಟ. ನೆಲದ ಕಡೆಗೂ ಇಂಥ ಸಾಮ್ಯವಿದೆ. ಚಳಿಗಾಲದಲ್ಲಿ ಸೂರತ್ತಿನವರು ಎಳೆಯ ಜೋಳದ ತೆನೆಯನ್ನು ಸುಟ್ಟು ಬಡಿದು ತಿನ್ನುವ ‘ಪೋಂಕ್’ ನಮ್ಮ ಧಾರವಾಡ ವಿಜಾಪುರಗಳ ಸೀತನಿಯೇ.

1623ರಲ್ಲಿ ಈ ಎರಡು ಕರಾವಳಿಗಳನ್ನೂ ಒಬ್ಬನೇ ಪ್ರವಾಸಿ ಕಂಡನು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಆ ವರ್ಷದ ಫೆಬ್ರವರಿಯಲ್ಲಿ ಸೂರತ್ತಿಗೆ ಬಂದಿಳಿದು ಖಂಭಾತ್, ಅಹಮದಾಬಾದುಗಳನ್ನು ನೋಡಿ, ಗೋವೆಯಲ್ಲಿ ಮಳೆಗಾಲವನ್ನು ಕಳೆದು, ಅನಂತರ ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದನು. ನಮ್ಮವರು ಅವನ ಇಕ್ಕೇರಿಯ ವರ್ಣನೆಯನ್ನು ಬಳಸಿಕೊಂಡಿದ್ದಾರೆ, ಗುಜರಾತಿನವರು ಸೂರತ್ತಿನದನ್ನು. ಅವನ ಪಯಣದ ವೇಳಾಪಟ್ಟಿಯನ್ನೇ ಋತುಚಕ್ರದ ದಾಖಲೆಯಾಗಿ ಓದುವುದಕ್ಕೆ ಎರಡು ಭಾಗಗಳನ್ನೂ ಕೂಡಿಸಿ ನೋಡಬೇಕು. ಅರ್ಧ ಶತಮಾನದ ಬಳಿಕ ಸೂರತ್, ಕಾರವಾರ, ಗೋಕರ್ಣಗಳನ್ನು ಕಂಡ ವೈದ್ಯ ಜಾನ್ ಫ್ರಯರನ ಬರವಣಿಗೆಗೂ ಈ ಮಾತು ಸಲ್ಲುತ್ತದೆ.

5

ಏರ್ಪಾಡುಗಳು ಯಾವಾಗಲೂ ಕಾಯಲಿಲ್ಲ. 1630ರಲ್ಲಿ ಗುಜರಾತಿನಲ್ಲಿ ಮಳೆ ಕೈಕೊಟ್ಟಿತು. 1631ರಲ್ಲಿ ಅತಿವೃಷ್ಟಿ ಬೆಳೆಯನ್ನು ಕೊಳೆಸಿತು. ವಿಕ್ರಮ ಸಂವತ್ 1687ರಲ್ಲಿ ಬಂದುದರಿಂದ ‘ಸತ್ಯಾಸಿಯೊ’ ಎಂದು ಹೆಸರಾದ ಈ ಕ್ಷಾಮ 1632ರವರೆಗೆ ನಡೆಯಿತು. 1630ರ ನವೆಂಬರಿನಲ್ಲಿ ಸೂರತ್ತಿನಿಂದ ಬುರ್ಹಾನಪುರದತ್ತ ಹೊರಟ ಪೀಟರ್ ಮಂಡಿಯು ದಾರಿಯುದ್ದಕ್ಕೂ ಹೆಣಗಳನ್ನು ಕಂಡುದಾಗಿ ಬರೆದಿದ್ದಾನೆ. ನೇಕಾರರು ಸತ್ತರು, ಚದುರಿದರು. ಆದರೂ ಮುಂದಿನ ದಶಕಗಳಲ್ಲಿ ಊರು ಚೇತರಿಸಿಕೊಂಡಿತು. 1664 ಮತ್ತು 1670ರಲ್ಲಿ ಶಿವಾಜಿಯ ದಾಳಿಗಳಾದವು. ಊರು ಗೋಡೆ ಕಟ್ಟಿಕೊಂಡು ಮತ್ತೆ ಎದ್ದಿತು. ಶತಮಾನದ ಕೊನೆಗೆ ಮುಲ್ಲಾ ಅಬ್ದುಲ್ ಗಫೂರನಂಥ ಹಡಗಿನೊಡೆಯನು ಅಲ್ಲಿದ್ದನು.

ಇಲ್ಲಿ ಹೂಳಿನ ಪ್ರಶ್ನೆಗೆ ಬರಬಹುದು. ತಾಪಿಯ ಅಳಿವೆಯಲ್ಲಿ ಮರಳದಿನ್ನೆಗಳು ಸೂರತ್ತಿನ ವೈಭವದ ಕಾಲದಲ್ಲಿಯೂ ಇದ್ದವು. ಭಾರ ಹೊತ್ತ ದೊಡ್ಡ ಹಡಗುಗಳು ಆಗಲೂ ಊರಿನವರೆಗೆ ಬರಲಾರದೆ ಅಳಿವೆಯ ಉತ್ತರಕ್ಕೆ ಸುವಾಲಿಯಲ್ಲಿ ನಿಲ್ಲುತ್ತಿದ್ದವು. ಅಲ್ಲಿ ತೀರಕ್ಕೆ ಸಮಾನಾಂತರವಾಗಿದ್ದ ಮರಳದಿಬ್ಬವೇ ಹಡಗುಗಳಿಗೆ ಅಲೆಗಳಿಂದ ಮರೆಯಾಗಿತ್ತು. 1612ರಲ್ಲಿ ಥಾಮಸ್ ಬೆಸ್ಟನ ಹಡಗುಗಳು ಪೋರ್ಚುಗೀಸರೊಡನೆ ಕಾದಿದುದು ಈ ಸುವಾಲಿಯ ಬಳಿ. ಅಲ್ಲಿಂದ ಸರಕು ಎತ್ತಿನ ಗಾಡಿಗಳಲ್ಲಿಯೂ ಚಿಕ್ಕ ದೋಣಿಗಳಲ್ಲಿಯೂ ಊರಿಗೆ ಬರುತ್ತಿತ್ತು. ಅಂದರೆ ಒಂದು ಕಡೆ ಅಡ್ಡಿಯಾದ ಮರಳು ಇನ್ನೊಂದು ಕಡೆ ಆಶ್ರಯವಾಯಿತು. ನಡುವಿನ ದೂರವನ್ನು ಗಾಡಿಯವರು, ದೋಣಿಯವರು, ಹಮಾಲರು, ದಲಾಲರು ತುಂಬಿದರು. ಹೂಳಿದ್ದ ಅಳಿವೆಯ ಮೇಲೆಯೇ ಸೂರತ್ ಮೊಘಲ್ ಸಾಮ್ರಾಜ್ಯದ ಪ್ರಧಾನ ಬಂದರಾಯಿತು.

ಹಾಗಾದರೆ ಅವನತಿ ಹೇಗೆ? ಅಶೀನ್ ದಾಸ್ ಗುಪ್ತ ಅವರು 1979ರ ತಮ್ಮ ಗ್ರಂಥದಲ್ಲಿ ಹದಿನೆಂಟನೆಯ ಶತಮಾನದ ಪೂರ್ವಾರ್ಧದ ಸೂರತ್ತನ್ನು ಪರಿಶೀಲಿಸಿ, ಮೊಘಲ್ ಆಡಳಿತದ ಕುಸಿತದೊಡನೆ ಪರ್ಷಿಯ ಮತ್ತು ಕೆಂಪು ಸಮುದ್ರದ ಕಡೆಯ ಅವ್ಯವಸ್ಥೆಯೂ ಕೂಡಿಬಂದುದನ್ನು ತೋರಿಸಿದರು. ಒಳನಾಡಿನ ದಾರಿಗಳು ಅಸುರಕ್ಷಿತವಾದಾಗ ಆಗ್ರಾ, ಅಹಮದಾಬಾದುಗಳ ಸರಕು ಬರುವುದು ಕಡಿಮೆಯಾಯಿತು. ಗುಲಾಮ್ ನಾದ್ರಿಯವರಂಥ ಅನಂತರದ ವಿದ್ವಾಂಸರು ಈ ಅವನತಿಯ ಪ್ರಮಾಣವನ್ನೇ ಪ್ರಶ್ನಿಸಿದ್ದಾರೆ. ಇವರಾರೂ ಹೂಳನ್ನು ಪ್ರಧಾನ ಕಾರಣವಾಗಿ ಹಿಡಿದಿಲ್ಲ. ಕಂಪನಿಯ ಕೇಂದ್ರ 1687ರಲ್ಲಿಯೇ ಮುಂಬಯಿಗೆ ಸರಿದಿತ್ತು. 1736ರಲ್ಲಿ ಸೂರತ್ತಿನ ಹಡಗುಶಿಲ್ಪಿ ಲವ್ಜಿ ನಸರ್ವಾನ್ಜಿ ವಾಡಿಯಾ ಅಲ್ಲಿಗೆ ಹೋದನು. 1837ರಲ್ಲಿ ಮಹಾ ಬೆಂಕಿಯೂ ಅದರ ಬೆನ್ನಿಗೇ ನೆರೆಯೂ ಬಂದಾಗ ಅನೇಕ ವರ್ತಕರು ಊರನ್ನು ಕಟ್ಟುವುದನ್ನು ಬಿಟ್ಟು ಮುಂಬಯಿಯನ್ನು ಆರಿಸಿಕೊಂಡರು. 1630ರ ಆಪತ್ತಿನಿಂದ ಎದ್ದ ಊರು 1837ರಲ್ಲಿ ಹಾಗೆ ಏಳಲಾರದೆ ಹೋಯಿತು. ಆಪತ್ತು ಚಿಕ್ಕದಾಗಿರಲಿ ದೊಡ್ಡದಾಗಿರಲಿ, ಕಟ್ಟುವ ಕೈಗಳು ಅಲ್ಲಿ ನಿಲ್ಲಲು ಕಾರಣ ಉಳಿದಿರಲಿಲ್ಲ. ಹೂಳು ಆಗ ಮಾತ್ರ ತೀರ್ಮಾನಕಾರಿಯಾಯಿತು. ಅದನ್ನು ದಾಟುವ ಖರ್ಚನ್ನು ಹೊರುವವರು ಇಲ್ಲವಾದರು.

ಈ ಮಾತಿಗೆ ಈ ಕಾಲದ ಪ್ರಮಾಣವೊಂದು ದೊರೆಯುತ್ತದೆ. ಸುವಾಲಿಯ ಪಕ್ಕದ ಹಜೀರಾದಲ್ಲಿ 2005ರಿಂದ ದ್ರವೀಕೃತ ಅನಿಲದ ಭಾರೀ ಹಡಗುಗಳು ತಂಗುತ್ತಿವೆ. ಅಳಿವೆ ಅದೇ, ಕಡಲು ಅದೇ. ಹೂಳು ತೆಗೆಯುವ ಬಂಡವಾಳ ಮರಳಿ ಬಂದಿದೆ.

6

ನದಿಯೊಡನೆ ಊರಿನ ಸಂಬಂಧ ಇಪ್ಪತ್ತನೆಯ ಶತಮಾನದಲ್ಲಿ ಬೇರೆ ರೂಪ ತಾಳಿತು. 1927ರ ಜುಲೈ ತಿಂಗಳ ನೆರೆಯಲ್ಲಿ ಅಹಮದಾಬಾದ್, ಖೇಡಾ, ವಡೋದರ ಸೀಮೆಗಳು ಮುಳುಗಿದಾಗ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಸ್ವಯಂಸೇವಕರು ಪರಿಹಾರ ಕಾರ್ಯವನ್ನು ಸಂಘಟಿಸಿದರು. ಅಲ್ಲಿಯವರೆಗೂ ನೆರೆಯು ಮುಖ್ಯವಾಗಿ ಸಮುದಾಯವೇ ಎದುರಿಸಬೇಕಾದ ಸಂಗತಿಯಾಗಿತ್ತು. ಸೂರತ್ತಿನ ಮಟ್ಟಿಗೆ 1968ರ ಮಹಾನೆರೆಯಲ್ಲಿ ತಾಪಿಯ ಹರಿವು ಸುಮಾರು 15 ಲಕ್ಷ ಕ್ಯೂಸೆಕ್‌ ಮುಟ್ಟಿತು. 1972ರಲ್ಲಿ ಊರಿನಿಂದ ಸುಮಾರು 100 ಕಿಲೋಮೀಟರು ಮೇಲೆ ಉಕಾಯಿ ಅಣೆಕಟ್ಟು ಪೂರ್ಣಗೊಂಡಿತು. ಕಾಣದ ಮಳೆಯನ್ನು ಊರಿನ ಪರವಾಗಿ ಲೆಕ್ಕವಿಡುವ ಹೊಣೆ ಅಣೆಕಟ್ಟಿನ ಅಧಿಕಾರಿಗಳಿಗೆ ಹೋಯಿತು.

ಅದರ ಭರವಸೆಯ ಮೇಲೆ ಊರು ನದಿಯ ಕಡೆಗೆ ಸರಿಯಿತು. ವಿದ್ಯುತ್ ಮಗ್ಗ ಮತ್ತು ವಜ್ರ ಕೆತ್ತನೆಯ ಉದ್ಯಮಗಳು ಸೌರಾಷ್ಟ್ರ, ಖಾನದೇಶ, ಒಡಿಶಾದ ಗಂಜಾಂ, ತೆಲಂಗಾಣಗಳಿಂದ ಲಕ್ಷಾಂತರ ಜನರನ್ನು ತಂದವು. ನೆರೆನೀರು ಹರಡಿಕೊಳ್ಳುತ್ತಿದ್ದ ತಗ್ಗುಗಳಲ್ಲಿ ಮನೆಗಳೆದ್ದವು. 1994ರಲ್ಲಿ ನೆರೆ ಇಳಿದ ಬಳಿಕ, ಸೆಪ್ಟೆಂಬರಿನಲ್ಲಿ, ಪ್ಲೇಗಿನ ಭೀತಿ ಹಬ್ಬಿ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಊರು ಬಿಟ್ಟರು. 1669ರಲ್ಲಿ ವರ್ತಕರು ಒಟ್ಟಾಗಿ ಹೊರಟಿದ್ದರು, ಒಟ್ಟಾಗಿ ಮರಳಿದ್ದರು. 1994ರಲ್ಲಿ ಹೊರಟವರು ಒಬ್ಬರನ್ನೊಬ್ಬರು ಅರಿಯದ ಕೂಲಿಗಳು. ಈ ವ್ಯತ್ಯಾಸದಲ್ಲಿ ಊರಿನ ಸಾಮಾಜಿಕ ಚರಿತ್ರೆಯೇ ಅಡಗಿದೆ. 1995ರಿಂದ ಆಯುಕ್ತ ಎಸ್. ಆರ್. ರಾವ್ ಅವರ ಕಾಲದಲ್ಲಿ ನಗರಸಭೆಯು ಒಳಚರಂಡಿ, ಕಸ ವಿಲೇವಾರಿಗಳನ್ನು ಸರಿಪಡಿಸಿದುದು ಪ್ರಸಿದ್ಧವಾಗಿದೆ. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಸೂರತ್ ಇಂದೋರಿನೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡಿತು.

ಕಸವನ್ನು ಗೆದ್ದ ಊರು ನೀರನ್ನು ಗೆಲ್ಲಲಿಲ್ಲ. 2006ರ ಆಗಸ್ಟ್‌ನಲ್ಲಿ ಉಕಾಯಿಯಿಂದ ಬಿಟ್ಟ ನೀರು ಸುಮಾರು 9 ಲಕ್ಷ ಕ್ಯೂಸೆಕ್‌ ತಲುಪಿದಾಗ ನಗರದ ಬಹುಭಾಗ ಮುಳುಗಿತು. 1968ರ ಹರಿವಿಗಿಂತ ಇದು ಬಹಳ ಕಡಿಮೆ ಎಂಬುದನ್ನು ಗಮನಿಸಬೇಕು. ನದಿ ಬೆಳೆದಿರಲಿಲ್ಲ, ಅದರ ದಾರಿ ಕಿರಿದಾಗಿತ್ತು. ವಡೋದರದಲ್ಲಿ ವಿಶ್ವಾಮಿತ್ರಿಯು 2024ರ ಆಗಸ್ಟ್‌ನಲ್ಲಿ ಊರೊಳಗೆ ನುಗ್ಗಿದುದನ್ನೂ ಇದರೊಡನೆ ಇಟ್ಟು ನೋಡಬಹುದು.

7

ಮೇಲಿನ ಪರಿಶೀಲನೆಯಿಂದ ನಾವು ತಲುಪುವ ಅಭಿಪ್ರಾಯ ಇಷ್ಟು. ಸಂಜಾಣದ ದೋಣಿ, ಸೂರತ್ತಿನ ಕೆರೆ, ಸುವಾಲಿಯ ಗಾಡಿಸಾಲು, ಜೋಖಮಿ ಹುಂಡಿ ಇವೆಲ್ಲ ನೀರು ಗಾಳಿಗಳ ಅನಿಶ್ಚಯವನ್ನು ಒಪ್ಪಿಕೊಂಡು ಅದರ ಭಾರವನ್ನು ಹಲವರಲ್ಲಿ ಹಂಚಿದ ಏರ್ಪಾಡುಗಳು. ಅವು ಗಟ್ಟಿಯಾಗಿದ್ದಾಗ ಕೆಟ್ಟ ಅಳಿವೆಯಲ್ಲಿಯೂ ಒಳ್ಳೆಯ ಬಂದರು ಬಾಳಿತು. ಅವು ಸಡಿಲಿದಾಗ, ಅಥವಾ ಅನಿಶ್ಚಯವೇ ಮುಗಿಯಿತೆಂದು ಊರು ನಂಬಿದಾಗ, ಹಳೆಯ ನದಿಯೇ ಹೊಸ ವಿಪತ್ತಾಯಿತು.

ಬಾರಕೂರು ಬಸರೂರುಗಳನ್ನು ಕುರಿತು ‘ಹೂಳು ತುಂಬಿತು’ ಎಂದು ನಿಲ್ಲಿಸುವ ನಮ್ಮ ವಾಕ್ಯವನ್ನು ಇನ್ನು ಮುಂದೆ ಹೀಗೆ ಮುಂದುವರಿಸಬೇಕಾಗಿದೆ: ಹೂಳನ್ನು ದಾಟಲು ಯಾರು ಏನು ಮಾಡುತ್ತಿದ್ದರು, ಅವರು ಎಂದು ಏಕೆ ಕೈಬಿಟ್ಟರು? ಬಸರೂರಿನ ಅಕ್ಕಿ ವ್ಯಾಪಾರವನ್ನು ಕುರಿತು ಸಂಜಯ ಸುಬ್ರಹ್ಮಣ್ಯಂ ಅವರು 1984ರಲ್ಲಿ ಪೋರ್ಚುಗೀಸ್ ದಾಖಲೆಗಳಿಂದ ಮಾಡಿದ ಅಧ್ಯಯನ ಈ ದಿಕ್ಕಿನಲ್ಲಿ ನೆರವಾಗುತ್ತದೆ. ಸೂರತ್ ಕೋಠಿಯ ಪತ್ರಗಳಲ್ಲಿ ಕಾರವಾರದ ಮಳೆ, ಮೆಣಸು, ಹಡಗುಗಳ ಪ್ರಸ್ತಾಪ ಚದುರಿಕೊಂಡಿದೆ. ವಡೋದರದ ಪ್ರಾಚ್ಯವಿದ್ಯಾ ಮಂದಿರದ ಪ್ರಕಟಣೆಗಳಲ್ಲಿಯೂ, ಕವಿ ನರ್ಮದನು ತನ್ನ ಊರನ್ನು ಕುರಿತು 1860ರ ದಶಕದಲ್ಲಿ ಬರೆದ ಚಿಕ್ಕ ಚರಿತ್ರೆಯಲ್ಲಿಯೂ ಹೋಲಿಕೆಗೆ ಸಾಮಗ್ರಿಯಿದೆ. ಇವುಗಳನ್ನು ಹತ್ತಿರದಿಂದ ನೋಡುವ ಅವಕಾಶ ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಹೆಚ್ಚು. ಗುಜರಾತಿ ಬಲ್ಲ ಒಬ್ಬರು, ಹೊಳೆಯ ಬದಿಯ ಕನ್ನಡ ಬಲ್ಲ ಇನ್ನೊಬ್ಬರು ಕೂಡಿ ಕುಳಿತರೆ, ತಾಪಿಯ ಅಳಿವೆಯನ್ನೂ ಗಂಗೊಳ್ಳಿಯ ಅಳಿವೆಯನ್ನೂ ಒಟ್ಟಿಗೆ ಇಟ್ಟು ಬರೆಯುವ ಕೆಲಸ ಕೈಗೂಡೀತು.